ಬೀದಿದೀಪ: ಭಾನುವಾರ ಜಾಗ ಗುರುತಿಸುವ ಕೆಲಸ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 7ಕ್ಕೆ ನಮ್ಮ ಅಡ್ಡರಸ್ತೆಯಲ್ಲಿ ನಡೆದು ಹೊಸ ಕಂಬಗಳಿಗೆ ಜಾಗ ಗುರುತಿಸೋಣ. ಬೆಳಗ್ಗೆ ಬೇಡ, ಹಗಲಿನಲ್ಲಿ ಕತ್ತಲು ಕಾಣುವುದಿಲ್ಲ. ಕಂಬದ ಎತ್ತರದ ಮೂರರಿಂದ ನಾಲ್ಕು ಪಟ್ಟು ಅಂತರ ಎಂಬುದು ಸಾಮಾನ್ಯ ಲೆಕ್ಕ. 9 ಮೀಟರ್ ಕಂಬಕ್ಕೆ ಸುಮಾರು 30 ಮೀಟರ್. ಕಿರಿದಾದ ರಸ್ತೆಗೆ ಒಂದೇ ಬದಿ ಸಾಕು, ತಿರುವಿನಲ್ಲಿ ಮಾತ್ರ ಹೊರಬದಿಗೇ ಇರಲಿ.

ಆದರೆ ಲೆಕ್ಕಕ್ಕಿಂತ ಮೊದಲು ಹೊಂಗೆ ಮರ ನೋಡಬೇಕು. ಹಾಲಿನ ಬೂತಿನ ಎದುರಿನ ದೀಪ ಎಲೆಗಳಿಗಷ್ಟೇ ಬೆಳಕು ಕೊಡುತ್ತಿದೆ. ಕೆಳಗೆ ಚರಂಡಿಯ ಒಡೆದ ಚಪ್ಪಡಿ ಯಾರಿಗೂ ಕಾಣುವುದಿಲ್ಲ. 1905ರಲ್ಲೇ ವಿದ್ಯುತ್ ಬೀದಿದೀಪ ಕಂಡ ಊರು ನಮ್ಮ ಬೆಂಗಳೂರು! ಕೊಂಬೆ ಕಡಿಯುವ ಮಾತು ದಯವಿಟ್ಟು ಬೇಡ, ಕಂಬವೇ ಸರಿಯಲಿ.

ಅಳತೆ ಟೇಪು ಇರುವವರು ತನ್ನಿ. ಮಲಗುವ ಕೋಣೆಯ ಕಿಟಕಿಗೆ ಬೆಳಕು ಬೀಳಬಾರದು ಎನ್ನುವವರು ಈಗಲೇ ಇಲ್ಲಿ ತಿಳಿಸಿ.