ಬ್ಯಾಂಡಿನ ಹಾಡನ್ನು ಒಬ್ಬನೇ ಹಾಡಲು ಹೊರಟ ಗೆಳೆಯನಿಗೆ

ಮಡಿಕೇರಿ

ಪ್ರಿಯ ಗೆಳೆಯಾ,

ನಾಲ್ವರೂ ಸೇರಿ ರೆಕಾರ್ಡ್ ಮಾಡಿದ್ದ ಹಾಡನ್ನೇ ಈಗ ನಿನ್ನೊಬ್ಬನ ಹೆಸರಿನಲ್ಲಿ ಮತ್ತೆ ತರಬೇಕು ಅಂತ ಬರೆದಿದ್ದೀಯ. ತಾ, ಖಂಡಿತ ತಾ. ಆದರೆ ಗಿಟಾರ್ ಎತ್ತಿಕೊಳ್ಳುವ ಮೊದಲು ಹಳೆಯ ರೆಕಾರ್ಡಿಂಗ್ ಹಾಕಿಕೊಂಡು, ಉಳಿದ ಮೂವರು ಆ ಹಾಡಿನಲ್ಲಿ ಏನೇನು ಹೊತ್ತಿದ್ದಾರೆ ಅಂತ ಸಾಲು ಸಾಲಾಗಿ ಬರೆದಿಟ್ಟುಕೋ. ಅವರು ಎದ್ದುಹೋದ ಜಾಗಗಳನ್ನು ಏನು ಮಾಡುತ್ತೀಯ ಅನ್ನುವುದೇ ಇಲ್ಲಿ ನಿಜವಾದ ಕೆಲಸ.

ನಮ್ಮ ಕೊಡವರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟನ್ನೇ ನೋಡು. ನಾಲ್ವರು ದುಡಿ ಬಾರಿಸುತ್ತಾರೆ. ಇಬ್ಬರು ಸಾಲು ಎತ್ತಿದರೆ ಇನ್ನಿಬ್ಬರು ಹಿಡಿಯುತ್ತಾರೆ. ಒಂದು ಜೋಡಿ ಹಾಡುವಷ್ಟು ಹೊತ್ತು ಇನ್ನೊಂದು ಜೋಡಿಗೆ ಉಸಿರು. ಅದನ್ನೇ ಒಬ್ಬನೇ ಹಾಡಲು ಕೂತರೆ ಕೆಲವೇ ಸಾಲಿಗೆ ಏದುಸಿರು ಬರುತ್ತದೆ. ರಾಗ ಕಷ್ಟ ಅಂತಲ್ಲ, ಉಸಿರಾಡುವ ಜಾಗ ಇನ್ನೊಬ್ಬರ ಬಾಯಲ್ಲಿತ್ತು. ನಿನ್ನ ಬ್ಯಾಂಡ್ ಹಾಡಿನಲ್ಲೂ ಚರಣಗಳ ನಡುವಿನ ಡ್ರಮ್ಸ್, ಎರಡನೇ ಗಿಟಾರ್ ಇದೇ ಕೆಲಸ ಮಾಡುತ್ತಿವೆ.

ಇದನ್ನು ಚೆನ್ನಾಗಿ ಮಾಡಿದವರ ಎರಡೂ ಆವೃತ್ತಿಗಳನ್ನು ಒಂದರ ಹಿಂದೆ ಒಂದು ಕೇಳು. 'ಬಿಹೈಂಡ್ ದ ಲೈನ್ಸ್' 1980ರಲ್ಲಿ ಜೆನೆಸಿಸ್ ಬ್ಯಾಂಡಿನ 'ಡ್ಯೂಕ್' ಆಲ್ಬಮ್ಮಿನ ಮೊದಲ ಹಾಡು. ಕೀಬೋರ್ಡಿನ ದೊಡ್ಡ ಪೀಠಿಕೆ ಮುಗಿದ ಮೇಲೆಯೇ ದನಿ ಬರುತ್ತದೆ. ಮರುವರ್ಷ ಅದೇ ಬ್ಯಾಂಡಿನ ಫಿಲ್ ಕಾಲಿನ್ಸ್ ತನ್ನೊಬ್ಬನ ಆಲ್ಬಮ್ 'ಫೇಸ್ ವ್ಯಾಲ್ಯೂ'ನಲ್ಲಿ ಅದನ್ನೇ ಹಾಡಿದಾಗ ಪೀಠಿಕೆ ಹೋಯಿತು, ವೇಗ ಏರಿತು, ಅರ್ಥ್ ವಿಂಡ್ ಅಂಡ್ ಫೈರ್ ತಂಡದ ಕಹಳೆಯವರು ಬಂದು ಕೂತರು. ಹಾಡು ಬರೆದವರ ಹೆಸರು ಮಾತ್ರ ಮೂವರದೇ ಉಳಿಯಿತು: ಬ್ಯಾಂಕ್ಸ್, ಕಾಲಿನ್ಸ್, ರುದರ್‌ಫರ್ಡ್. 'ಪೊಲೀಸ್' ಬ್ಯಾಂಡಿನ ಗಾಯಕ ಸ್ಟಿಂಗ್ ಇನ್ನೂ ಮುಂದೆ ಹೋದ. 'ಶ್ಯಾಡೋಸ್ ಇನ್ ದ ರೇನ್' 1980ರ ಪೊಲೀಸ್ ಆಲ್ಬಮ್ಮಿನಲ್ಲಿ ನಿಧಾನವಾಗಿ, ಮಂಜಿನಲ್ಲಿ ತೇಲಿದ ಹಾಗಿದೆ. 1985ರಲ್ಲಿ ಜಾಝ್ ವಾದಕರನ್ನು ಕಟ್ಟಿಕೊಂಡು ಅದನ್ನು ಓಡಿಸಿಬಿಟ್ಟ. ನನ್ನ ಮಟ್ಟಿಗೆ ಎರಡನೆಯದೇ ಆ ಹಾಡಿನ ಸರಿಯಾದ ರೂಪ. ರೋಜರ್ ವಾಟರ್ಸ್ 2022ರಲ್ಲಿ ತನ್ನ ಹಳೆಯ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 'ಕಂಫರ್ಟಬ್ಲಿ ನಂಬ್' ಮತ್ತೆ ಮಾಡಿದಾಗ ಶ್ರುತಿಯನ್ನು ಒಂದು ಟೋನ್ (ಅಂದರೆ ಎರಡು ಸೆಮಿಟೋನ್) ಇಳಿಸಿ, ಆ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್‌ನ ಪ್ರಸಿದ್ಧ ಗಿಟಾರ್ ಸೋಲೋಗಳನ್ನೇ ಕೈಬಿಟ್ಟ. ಆ ಹಾಡಿನ ಪ್ರಾಣವೇ ಸೋಲೋ ಅನ್ನುವವರಿಗೆ ಅದು ರುಚಿಸಲಿಲ್ಲ. ಆದರೂ ಇನ್ನೊಬ್ಬನಿಂದ ಗಿಲ್ಮೋರ್‌ನ ನಕಲು ಬಾರಿಸುವುದಕ್ಕಿಂತ ಅದು ಮರ್ಯಾದೆಯ ದಾರಿ.

'ಯೆಸ್ಟರ್‌ಡೇ' ಇನ್ನೊಂದು ಬಗೆ. 1965ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಬಂದರೂ ಅದರಲ್ಲಿರುವುದು ಪಾಲ್ ಮೆಕಾರ್ಟ್ನಿ, ಒಂದು ಗಿಟಾರ್, ನಾಲ್ಕು ತಂತಿವಾದ್ಯ, ಅಷ್ಟೇ. 1984ರಲ್ಲಿ ಪಾಲ್ ತನ್ನ ಹೆಸರಿನಲ್ಲೇ ಮತ್ತೆ ರೆಕಾರ್ಡ್ ಮಾಡಿದಾಗ ಹೊಸದಾಗಿ ಸೇರಿಸಲು ಹೆಚ್ಚೇನೂ ಇರಲಿಲ್ಲ. ಬ್ಯಾಂಡಿನಲ್ಲೇ ಒಂಟಿಯಾಗಿದ್ದ ಹಾಡನ್ನು ಮತ್ತೆ ಒಂಟಿಯಾಗಿ ಹಾಡಿ ಪ್ರಯೋಜನವಿಲ್ಲ. ಆದರೆ ಅದರಿಂದ ನಿನಗೊಂದು ಉಪಾಯ ಸಿಗುತ್ತದೆ: ಮೊದಲ ರೆಕಾರ್ಡಿಂಗಿನಲ್ಲಿ ಗಿಟಾರಿನ ತಂತಿಗಳನ್ನು ಒಂದು ಟೋನ್ ಇಳಿಸಿ, ಜಿ ಶ್ರುತಿಯ ಬೆರಳುಪಟ್ಟಿನಲ್ಲೇ ಬಾರಿಸಿ, ಎಫ್ ಶ್ರುತಿ ಹೊರಡಿಸಿದ್ದಾರೆ.

ನಿನ್ನ ಹಾಡೂ ಜಿಯಲ್ಲಿದೆ. ಬ್ಯಾಂಡಿನಲ್ಲಿ ಡ್ರಮ್ಸ್ ಮೀರಿ ಕೇಳಿಸಬೇಕೆಂದು ಎತ್ತರಕ್ಕೆ ಹಾಡುತ್ತೇವೆ. ಅದೇ ಎತ್ತರ ಮೈಕಿನ ಹತ್ತಿರ ಒಂಟಿ ದನಿಯಲ್ಲಿ ಕಿರುಚಿದ ಹಾಗಾಗುತ್ತದೆ. ಹಾಡಿನ ಅತಿ ಮೇಲಿನ ಸ್ವರವನ್ನು ಕೂತು, ಮಾತಿನ ದನಿಯಲ್ಲಿ ಹತ್ತು ಸಲ ಹಿಡಿಯಲಾಗುವವರೆಗೆ ಶ್ರುತಿ ಇಳಿಸು. ಸಾಮಾನ್ಯವಾಗಿ ಎರಡೋ ಮೂರೋ ಸೆಮಿಟೋನ್ ಸಾಕು. ಎರಡಾದರೆ ತಂತಿ ಇಳಿಸಿ ಅದೇ ಬೆರಳು ಇಟ್ಟುಕೋ, ಆದರೆ 12ರ ದಪ್ಪದ ತಂತಿ ಸಡಿಲಾಗಿ ಝರ್ ಅನ್ನುತ್ತದೆ, ಅದಕ್ಕಿಂತ ದಪ್ಪನೆಯ 13ರ ಸೆಟ್ ಹಾಕು. ಮೂರಾದರೆ ಇ ಬೆರಳುಪಟ್ಟಿಗೆ ಹೋಗುವುದೇ ಒಳ್ಳೆಯದು. ಆಗ ಜಿಯಲ್ಲಿ ತೆರೆದ ತಂತಿಯ ಮೇಲೆ ಕಟ್ಟಿದ ನಿನ್ನ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಗಿಟಾರ್ ಸಾಲು) ಸಿಗುವುದಿಲ್ಲ, ಬೇರೆ ಕಟ್ಟಿಕೊಳ್ಳಬೇಕು.

ನಡುವಿನ ಎಂಟು ಬಾರ್ ಸಂಗೀತವನ್ನು ನಾಲ್ಕಕ್ಕೆ ಇಳಿಸು. ಬಾರಿಗೆ ನಾಲ್ಕು ಬೀಟು, ನಿಮಿಷಕ್ಕೆ 92 ಬೀಟಿನ ಲೆಕ್ಕದಲ್ಲಿ ಎಂಟು ಬಾರ್ ಅಂದರೆ ಸುಮಾರು 21 ಸೆಕೆಂಡ್. ಡ್ರಮ್ಸ್ ಇದ್ದಾಗ ಅದು ಗೊತ್ತಾಗುವುದಿಲ್ಲ. ಒಂಟಿ ಗಿಟಾರಿನಲ್ಲಿ ಕೇಳುಗ ಎದ್ದು ಹೋಗುವಷ್ಟು ಉದ್ದ. ಬಾಸ್ ಬಾರಿಸುತ್ತಿದ್ದವನ ಕೆಲಸವನ್ನು ಹೆಬ್ಬೆರಳಿಗೆ ಕೊಡು. ಪಲ್ಲವಿಯ ಜೊತೆದನಿಗೆ ನಿನ್ನದೇ ದನಿಯನ್ನು ಒಂದು ಪದರ ಸೇರಿಸಿದರೆ ಸಾಕು. ನಾಲ್ಕೈದು ಪದರ ಹಾಕಿದರೆ ಇಲ್ಲದ ಬ್ಯಾಂಡಿನ ನಕಲಾಗುತ್ತದೆ.

ತೋಟದ ಮನೆಯಲ್ಲೇ ರೆಕಾರ್ಡ್ ಮಾಡುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಬೇಡ ಮಾರಾಯ. ಶೀಟಿನ ಮೇಲಿನ ಮಳೆಯ ಸದ್ದು ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಹರಡಿಕೊಂಡಿರುವುದರಿಂದ ಅದನ್ನು ತೆಗೆಯಲು ಹೋದರೆ 'ಸ', 'ಶ' ಎಲ್ಲ ಸವೆದುಹೋಗುತ್ತವೆ. ಕಾಫಿ ಕೊಯ್ಲಿನ ಹೊತ್ತಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಗುಂಯ್‌ಗುಡುತ್ತದೆ, ಸಂಜೆಗೆ ಜೀರುಂಡೆ. ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ನಡುವೆ, ಬೆಳಿಗ್ಗೆ ಹತ್ತರ ಮೇಲೆ ಕೂರು. ದನಿಯ ಮೈಕ್ ಒಂದು ಗೇಣು ದೂರ. ಗಿಟಾರಿನ ಮೈಕ್ 12ನೇ ಫ್ರೆಟ್‌ಗೆ ಎದುರಾಗಿರಲಿ, ತೂತಿಗೆ ಎದುರಿಟ್ಟರೆ ಬರೀ ಗುಮ್ ಅನ್ನುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುಬಿಡು, ಅರ್ತಿಂಗ್ ಸರಿಯಿಲ್ಲದಿದ್ದರೆ 50 ಹರ್ಟ್ಸ್ ಗುನುಗು ಒಳಗೆ ಬರುತ್ತದೆ. ದುಡಿ ಸೇರಿಸುವುದಾದರೆ ಒಲೆಯ ಹತ್ತಿರ ಚರ್ಮ ಬೆಚ್ಚಗೆ ಮಾಡಿ ತಾ, ತೇವಕ್ಕೆ ಬೇಗ ಸಡಿಲಾಗುತ್ತದೆ.

ಇನ್ನು ಕಾಗದಪತ್ರ. ಪಾಕಿಸ್ತಾನದ ಜಲ್ ಬ್ಯಾಂಡಿನ 'ಆದತ್' ಹಾಡು ನೆನಪಿದೆಯಲ್ಲ? ಅದರ ಗಾಯಕ ಆತಿಫ್ ಅಸ್ಲಂ ಬ್ಯಾಂಡ್ ಬಿಟ್ಟು 2004ರಲ್ಲಿ ತನ್ನ 'ಜಲ್ ಪರಿ' ಆಲ್ಬಮ್ಮಿನಲ್ಲಿ ಅದನ್ನು ಹಾಕಿದ. ಅದೇ ವರ್ಷ ಜಲ್ ಕೂಡ ಬೇರೆ ಗಾಯಕನ ದನಿಯಲ್ಲಿ ಅದನ್ನೇ ತಂದಿತು. ಹಾಡು ಯಾರದು ಅನ್ನುವ ತಕರಾರು ಬಹಿರಂಗವಾಗಿಯೇ ನಡೆಯಿತು.

ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು, ರೆಕಾರ್ಡಿಂಗ್ ಮೂರನೆಯದು. ಸಾಹಿತ್ಯ ನಿನ್ನದೇ ಇರಬಹುದು. ರಾಗ ನಾಲ್ವರು ಸೇರಿ ಕಟ್ಟಿದ್ದು. ರೆಕಾರ್ಡಿಂಗ್ ಅದನ್ನು ಮಾಡಿಸಿದ ನಿರ್ಮಾಪಕರದು. ಆದ್ದರಿಂದ ಹಳೆಯ ಡ್ರಮ್ಸ್ ಟ್ರ್ಯಾಕನ್ನು ಕೇಳದೆ ಬಳಸಬೇಡ. ಒಪ್ಪಿಗೆಯಿಲ್ಲದೆ ಕವರ್ ಮಾಡಲು (ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಲು) ಅದೇ ಕಾಯಿದೆಯ 31ಸಿ ಕಲಮಿನ ದಾರಿ ಇದೆ, ಆದರೆ ಮೊದಲ ರೆಕಾರ್ಡಿಂಗಿನ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ಮೊದಲೇ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು, ಹಾಡನ್ನು ಬೇಕಾದ ಹಾಗೆ ಬದಲಿಸುವಂತೆಯೂ ಇಲ್ಲ. ನಿನಗೆ ಅದು ಆಗುವ ಮಾತಲ್ಲ. ಗೆಳೆಯರ ಹತ್ತಿರ ಒಂದು ಪುಟದ ಒಪ್ಪಿಗೆ ಬರೆಸಿಕೋ: ಸಾಹಿತ್ಯದಲ್ಲಿ, ರಾಗದಲ್ಲಿ ಯಾರ ಪಾಲು ಶೇಕಡಾ ಎಷ್ಟು, ಹೊಸ ರೆಕಾರ್ಡಿಂಗ್ ಯಾರದು, ಹೆಸರುಗಳು ಯಾವ ಕ್ರಮದಲ್ಲಿ. ಹಾಡು ಬರೆದವರಿಗೆ ರಾಯಲ್ಟಿ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲೂ ಅದೇ ಪಾಲು ಬರಲಿ. ಇಬ್ಬರು ಬೇರೆ ಬೇರೆ ಬರೆಸಿ ಮೊತ್ತ ನೂರು ದಾಟಿದರೆ ಹಣ ತಡೆಯಾಗುತ್ತದೆ.

ಅಪ್‌ಲೋಡ್ ಮಾಡುವಾಗ ಹೊಸ ಐಎಸ್‌ಆರ್‌ಸಿ ಸಂಖ್ಯೆ ತೆಗೆದುಕೋ. ಹನ್ನೆರಡು ಅಕ್ಷರದ ಆ ಸಂಖ್ಯೆ ರೆಕಾರ್ಡಿಂಗಿನದು, ಹಾಡಿನದಲ್ಲ. ಹಳೆಯದನ್ನೇ ಹಾಕಿದರೆ ನಿನ್ನ ಕೇಳುಗರ ಲೆಕ್ಕ ಬ್ಯಾಂಡಿನ ಖಾತೆಗೆ ಹೋಗಬಹುದು. ಕಲಾವಿದನ ಹೆಸರಿನ ಜಾಗದಲ್ಲಿ ನಿನ್ನ ಹೆಸರೊಂದೇ ಇರಲಿ.

ಸಹಿಗಳು ಬೀಳುವವರೆಗೆ ರೆಕಾರ್ಡಿಂಗ್ ದಿನ ಗೊತ್ತು ಮಾಡಬೇಡ. ಅಷ್ಟರಲ್ಲಿ ಫೋನಿನಲ್ಲೇ ಎಫ್‌ನಲ್ಲೊಮ್ಮೆ, ಇಯಲ್ಲೊಮ್ಮೆ ಹಾಡಿ ಕಳಿಸು. ಮೇಲಿನ ಸ್ವರ ಯಾವುದರಲ್ಲಿ ಸರಿಯಾಗಿ ಕೂರುತ್ತದೆ ಅಂತ ಕೇಳಿ ತಿಳಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ