ಕಂಬ ಒಡೆಯದ ಊರಿನಲ್ಲಿ ದೇವರು

ಪ್ರೀತಿಯ ತಮ್ಮನಿಗೆ,

ಆಶೀರ್ವಾದಗಳು. ನಿನ್ನ ಕಥೆ ಓದಿದೆ. ರುವಾಂಡಾದ ನರಮೇಧದ ನಡುವೆ ಸಿಕ್ಕಿಕೊಂಡ ಪತ್ರಕರ್ತ. ಅದುವರೆಗೆ ದೇವರ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದವನು. ಒಬ್ಬ ಕೊಲೆಗಾರನ ಕಣ್ಣುಗಳನ್ನು ನೋಡಿದ ರಾತ್ರಿಯೇ ಮಂಡಿಯೂರಿ ಪ್ರಾರ್ಥಿಸುತ್ತಾನೆ. ಓದಿದವರೆಲ್ಲ ಕೊನೆಯನ್ನು ನಂಬಲು ಆಗುವುದಿಲ್ಲ ಎನ್ನುತ್ತಿದ್ದಾರೆ, ಯಾಕೆ ಅಕ್ಕಾ ಎಂದು ಕೇಳಿದ್ದೀಯ. ನೀನು ಹಿಡಿದ ವಸ್ತುವಿನಲ್ಲಿ ದೋಷವಿಲ್ಲ. ಕೇಡನ್ನು ಕಣ್ಣಾರೆ ಕಂಡು ದೇವರ ಕಡೆಗೆ ತಿರುಗಿದವರು ನಿಜವಾಗಿಯೂ ಇದ್ದಾರೆ. ನಾನೂ ದೇವರನ್ನು ನಂಬುವವಳು. ಹಾಗಾಗಿಯೇ ನಿನ್ನ ಕೊನೆಯ ಪುಟ ನನ್ನನ್ನು ಇಷ್ಟು ಕಾಡಿದೆ.

ನಿನ್ನ ಪತ್ರಕರ್ತನ ಬೆನ್ನಿಗೆ ರೋಮಿಯೊ ಡಲೇರ್ ಇದ್ದಾರೆ ಎಂದು ನೀನೇ ಬರೆದಿದ್ದೀಯ. ಕೆನಡಾದ ಈ ಸೇನಾಧಿಕಾರಿ 1993ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ರುವಾಂಡಾದ ರಾಜಧಾನಿ ಕಿಗಾಲಿಗೆ ಹೋದರು. ಎಲ್ಲ ಮುಗಿದ ಮೇಲೆ ಸೇನೆಯ ಪಾದ್ರಿಯೊಬ್ಬರು, ಇಷ್ಟನ್ನು ಕಂಡ ಮೇಲೂ ದೇವರಿದ್ದಾನೆಂದು ಹೇಗೆ ನಂಬುತ್ತೀರಿ ಎಂದು ಅವರನ್ನು ಕೇಳಿದರು. ಅವರ ಉತ್ತರದ ಸಾರ ಇದು: ರುವಾಂಡಾದಲ್ಲಿ ನಾನು ಸೈತಾನನ ಕೈ ಕುಲುಕಿದ್ದೇನೆ, ಅವನನ್ನು ಕಂಡಿದ್ದೇನೆ, ಮುಟ್ಟಿದ್ದೇನೆ. ಅವನಿದ್ದಾನೆಂದು ಗೊತ್ತು, ಆದುದರಿಂದ ದೇವರಿದ್ದಾನೆಂದೂ ಗೊತ್ತು. ಡಲೇರ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು, ದೇವರ ಹೆಸರು ಅವರಿಗೆ ಹೊಸದಲ್ಲ. ಆದರೆ ಪಾಠವಾಗಿ ಕಲಿತಿದ್ದದ್ದು ಅಲ್ಲಿ ಮೈಗೆ ತಾಗಿದ ಸಂಗತಿಯಾಯಿತು.

ನೀನು ಈ ಮಾತಿನಿಂದ ಹೊರಟೆ. ಆ ಮಾತಿನ ಹಿಂದಿನ ಕೋಣೆಗೆ ಮಾತ್ರ ಹೋಗಲಿಲ್ಲ. ಡಲೇರ್ ನಿಜವಾಗಿಯೇ ಕೈ ಕುಲುಕಿದ್ದರು. ಹತ್ಯೆಗಳು ನಡೆಯುತ್ತಿದ್ದಾಗಲೇ ಕಿಗಾಲಿಯ ಒಂದು ಹೋಟೆಲಿನಲ್ಲಿ ಅವರು ಇಂಟರಹಾಮ್ವೆ ಎಂಬ ಕೊಲೆಗಡುಕ ಪಡೆಯ ನಾಯಕರನ್ನು ಭೇಟಿಯಾದರು. ಅವರ ಒಪ್ಪಿಗೆಯಿಲ್ಲದೆ ರಸ್ತೆತಡೆಗಳನ್ನು ದಾಟಿಸಿ ನಿರಾಶ್ರಿತರನ್ನು ಸಾಗಿಸುವಂತಿರಲಿಲ್ಲ. ಒಳಗೆ ಹೋಗುವ ಮುನ್ನ ಅವರು ತಮ್ಮ ಪಿಸ್ತೂಲಿನ ಗುಂಡುಗಳನ್ನು ತೆಗೆದಿಟ್ಟರು, ಎದುರಿಗೆ ಕಂಡರೆ ತಾವೇ ಗುಂಡು ಹಾರಿಸಿಬಿಟ್ಟೇನೆಂಬ ಭಯದಿಂದ. ಒಳಗೆ ಪರಿಚಯ, ಹಸ್ತಲಾಘವ. ಒಬ್ಬನ ಬಿಳಿ ಅಂಗಿಯ ಮೇಲೆ, ತೋಳಿನ ಮೇಲೆ ಒಣಗಿದ ರಕ್ತದ ಚುಕ್ಕೆಗಳು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲು. ನಿನ್ನ ಪತ್ರಕರ್ತ ಕೊಲೆಗಾರನನ್ನು ದೂರದಿಂದ ನೋಡುತ್ತಾನೆ, ಅವನಿಂದ ಇವನಿಗೆ ಆಗಬೇಕಾದದ್ದು ಏನೂ ಇಲ್ಲ. ಡಲೇರ್‌ಗೆ ಆ ಕೈಯಿಂದ ಒಂದು ಕೆಲಸ ಆಗಬೇಕಿತ್ತು, ಜನರ ಪ್ರಾಣ ಉಳಿಯಬೇಕಿತ್ತು. ಅದಕ್ಕಾಗಿ ರಕ್ತ ಕಂಡೂ ಕೈ ಹಿಂತೆಗೆಯುವಂತಿರಲಿಲ್ಲ. ತೆಗೆದಿಟ್ಟ ಆ ಗುಂಡುಗಳು ಇನ್ನೊಂದನ್ನು ಹೇಳುತ್ತವೆ: ಕೊಲ್ಲುವ ಆಸೆ ತನ್ನ ಕೈಯಲ್ಲೂ ಇದೆಯೆಂದು ಆ ಮನುಷ್ಯನಿಗೆ ಗೊತ್ತಿತ್ತು. ನಿನ್ನ ಕಥೆಗೆ ಬೇಕಾಗಿರುವುದು ಈ ಅರಿವು. ತನ್ನ ಕೈ ಶುದ್ಧವೆಂದು ನಂಬಿರುವವನ ಪ್ರಾರ್ಥನೆಯನ್ನು ಓದುಗ ನಂಬುವುದಿಲ್ಲ.

ಇನ್ನು ಕೊನೆಯ ವಿಚಾರ. ನಮ್ಮೊಳಗೆ ಪ್ರಹ್ಲಾದನ ಕಥೆ ಎಷ್ಟು ಆಳವಾಗಿ ಕೂತಿದೆ ಎಂದರೆ, ಹಿರಣ್ಯಕಶಿಪು ಎಲ್ಲಿದ್ದಾನೋ ನಿನ್ನ ಹರಿ ಎಂದು ಅಬ್ಬರಿಸಿದ ಕೂಡಲೇ ಮುಂದೆ ಕಂಬ ಒಡೆಯಲೇಬೇಕು ಎಂದು ಮನಸ್ಸು ಕಾಯುತ್ತದೆ. ಯಕ್ಷಗಾನದ ಬಯಲಿನಲ್ಲಿ ಆ ಗಳಿಗೆಗೆ ನಾನೂ ರೋಮಾಂಚನಗೊಂಡು ಕೂತಿದ್ದೇನೆ. ಆದರೆ ರುವಾಂಡಾದಲ್ಲಿ ಕಂಬ ಒಡೆಯಲಿಲ್ಲ. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಯಾವ ನರಸಿಂಹನೂ ಬರಲಿಲ್ಲ. ನೀನು ಪತ್ರಕರ್ತನ ಮನಸ್ಸಿನೊಳಗೆ ಒಂದು ಕಂಬ ನಿಲ್ಲಿಸಿ ಒಡೆಸಿದ್ದೀಯ. ಓದುಗರಿಗೆ ಅದರ ಸದ್ದು ಸುಳ್ಳಾಗಿ ಕೇಳಿಸಿದೆ.

ಕೇಡನ್ನು ಬರೆಯುವಾಗ 'ಕತ್ತಲೆ', 'ಪಿಶಾಚಿ', 'ಅಮಾನುಷ' ಎಂಬ ಮಾತುಗಳನ್ನು ಧಾರಾಳವಾಗಿ ಬಳಸಿದ್ದೀಯ. ಅವನ್ನು ತೆಗೆದು ಆ ಜಾಗದಲ್ಲಿ ಕೆಲಸ ಹೇಗೆ ನಡೆಯಿತೆಂದು ಬರೆ. ಬೆಲ್ಜಿಯನ್ನರ ಆಳ್ವಿಕೆಯಲ್ಲಿ, 1930ರ ದಶಕದಿಂದಲೇ, ಅಲ್ಲಿನ ಗುರುತಿನ ಚೀಟಿಯಲ್ಲಿ ಜನಾಂಗವನ್ನು, ಬಹುಸಂಖ್ಯಾತ ಹುಟು ಅಥವಾ ಈ ನರಮೇಧಕ್ಕೆ ಗುರಿಯಾದ ಅಲ್ಪಸಂಖ್ಯಾತ ಟುಟ್ಸಿ ಎಂದು, ನಮೂದಿಸುತ್ತಿದ್ದರು. ರಸ್ತೆತಡೆಯಲ್ಲಿ ಮಚ್ಚು ಹಿಡಿದವನು ಮೊದಲು ಕೇಳಿದ್ದು ಆ ಚೀಟಿಯನ್ನು. ಆರ್‌ಟಿಎಲ್‌ಎಂ ಎಂಬ ರೇಡಿಯೊ ಹಾಡುಗಳ ನಡುನಡುವೆ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ, ಯಾರನ್ನು ಹುಡುಕಬೇಕೆಂದು ಹೆಸರು ಹೇಳುತ್ತಿತ್ತು. ಟುಟ್ಸಿಗಳ ಪಟ್ಟಿ ಮೊದಲೇ ತಯಾರಾಗುತ್ತಿತ್ತು. ಮಾಹಿತಿದಾರನೊಬ್ಬ ಇದನ್ನು ಬಾಯಿಬಿಟ್ಟಾಗ ಡಲೇರ್ 1994ರ ಜನವರಿ 11ರಂದು ನ್ಯೂಯಾರ್ಕ್‌ಗೆ ಫ್ಯಾಕ್ಸ್ ಕಳಿಸಿ, ಬಚ್ಚಿಟ್ಟ ಆಯುಧಗಳನ್ನು ವಶಪಡಿಸಿಕೊಳ್ಳುತ್ತೇನೆ ಎಂದರು. ಬೇಡ, ಅದು ನಿಮ್ಮ ಅಧಿಕಾರದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಹತ್ಯೆಗಳು ಶುರುವಾದ ಮೇಲೆ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಪಡೆಯನ್ನು 270 ಜನರಿಗೆ ಇಳಿಸಲು ನಿರ್ಣಯಿಸಿತು.

ಚೀಟಿ, ಪಟ್ಟಿ, ರೇಡಿಯೊ, ಫ್ಯಾಕ್ಸ್ ಇವೆಲ್ಲ ಕಚೇರಿಯ ಸಾಮಾನುಗಳು. ಸೈತಾನ ಎಂದು ನೀನು ಮೊದಲ ಸಾಲಿನಲ್ಲೇ ಬರೆದರೆ ಇವನ್ನು ಬಳಸಿದ ಮನುಷ್ಯರು ತಪ್ಪಿಸಿಕೊಳ್ಳುತ್ತಾರೆ. ಡಲೇರ್ ಆ ಮಾತನ್ನು ಕೊನೆಗೆ ಆಡಿದರು, ಇವೆಲ್ಲವನ್ನೂ ದಾಟಿ ಬಂದ ಮೇಲೆ. ಅವರ ಬಾಯಲ್ಲಿ ಅದಕ್ಕೆ ತೂಕ ಬಂದಿದ್ದೂ ಹಾಗೆಯೇ. ಪಡೆ ಕರಗಿ ಹೋದರೂ ಅವರು ಹೊರಡಲಿಲ್ಲ. ಉಳಿದ ಕೆಲವು ನೂರು ಸೈನಿಕರೊಂದಿಗೆ, ಅವರಲ್ಲಿ ಬಹುಪಾಲು ಘಾನಾದವರು, ಅಲ್ಲೇ ನಿಂತರು.

ನಿನ್ನ ಕಥೆಯಲ್ಲಿ ಚರ್ಚ್ ಬರುವುದೇ ಇಲ್ಲ. ಅನುಕೂಲಕ್ಕಾಗಿ ಬಿಟ್ಟೆಯೋ ಏನೋ. ರುವಾಂಡಾ ಬಹುಪಾಲು ಕ್ರೈಸ್ತರ ದೇಶ. ಜನ ಪ್ರಾಣಭಯದಿಂದ ಓಡಿದ್ದು ಚರ್ಚುಗಳಿಗೆ, ನ್ಯಾಮಾಟಾದಲ್ಲಿ, ಎನ್ಟರಾಮಾದಲ್ಲಿ ಅವರನ್ನು ಕೊಂದದ್ದು ಆ ಚರ್ಚುಗಳಲ್ಲೇ. ನ್ಯಾಂಗೆಯಲ್ಲಿ ಆಶ್ರಯ ಪಡೆದವರು ಒಳಗಿರುವಾಗಲೇ ಚರ್ಚನ್ನು ಬುಲ್ಡೋಜರ್‌ನಿಂದ ಕೆಡವಿದರು. ಅಲ್ಲಿನ ಪಾದ್ರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2006ರಲ್ಲಿ 15 ವರ್ಷ ಸಜೆ ವಿಧಿಸಿತು, 2008ರಲ್ಲಿ ಮೇಲ್ಮನವಿಯಲ್ಲಿ ಅದು ಜೀವಾವಧಿಯಾಯಿತು. ದೇವರನ್ನು ನಂಬುವ ಪಾತ್ರವನ್ನು ನೀನು ಕಟ್ಟುವುದಾದರೆ ಅವನನ್ನು ಆ ಅವಶೇಷಗಳ ಮುಂದೆ ನಿಲ್ಲಿಸಲೇಬೇಕು. ದೇವರ ಮನೆಯೊಳಗೆ, ದೇವರ ಸೇವಕನ ಸಮ್ಮತಿಯಿಂದ ನಡೆದ ಕೇಡನ್ನು ಕಂಡೂ ಉಳಿಯುವ ನಂಬಿಕೆ ಹೇಗಿರುತ್ತದೆ? ನನಗೆ ಈ ಪ್ರಶ್ನೆ ಇಂದಿಗೂ ನಿದ್ದೆ ಕೆಡಿಸುತ್ತದೆ. ಅದನ್ನು ಬದಿಗಿಟ್ಟು ಬರೆದ ಭಕ್ತಿ ನನಗೆ ಬೇಡ.

ಕೇಡಿನಿಂದ ದೇವರಿಗೆ ಹೋಗುವ ದಾರಿಯಲ್ಲಿ ಏನಿದೆ ಎಂದು ಯೋಚಿಸುವಾಗ ನನಗೆ ಇಂಗ್ಲಿಷ್ ಕವಿ ಆಡನ್ ನೆನಪಾಗುತ್ತಾರೆ. 1939ರ ಕೊನೆಯ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ, ಜರ್ಮನ್ನರು ಹೆಚ್ಚಾಗಿದ್ದ ಬಡಾವಣೆಯೊಂದರ ಚಿತ್ರಮಂದಿರದಲ್ಲಿ, ಅವರು ಪೋಲೆಂಡ್ ಮೇಲಿನ ನಾಜಿ ದಾಳಿಯ ಚಿತ್ರ ನೋಡುತ್ತಿದ್ದರು. ಪರದೆಯ ಮೇಲೆ ಪೋಲಿಷರು ಕಂಡಾಗ ಸುತ್ತ ಕುಳಿತ ಸಾಧಾರಣ ಜನ ಅವರನ್ನು ಕೊಲ್ಲಿ ಎಂದು ಕೂಗಿದರು. ಇದು ತಪ್ಪು ಎಂದು ಆಡನ್‌ಗೆ ಸಂಶಯವೇ ಇಲ್ಲದೆ ಅನ್ನಿಸಿತು. ಆದರೆ ಯಾವ ಆಧಾರದ ಮೇಲೆ ತಪ್ಪು? ಎಲ್ಲ ಮೌಲ್ಯಗಳೂ ಅವರವರ ಅಭಿರುಚಿ ಎಂಬ ನಿಲುವಿನಲ್ಲಿ ನಿಂತು ಆ ಕೂಗಿಗೆ ಉತ್ತರ ಕೊಡಲಾಗಲಿಲ್ಲ. 1940ರಲ್ಲಿ ಅವರು ಹದಿಹರೆಯದಲ್ಲೇ ಬಿಟ್ಟಿದ್ದ ಚರ್ಚಿಗೆ ಮರಳಿದರು. ನೋಡು, ಇಲ್ಲಿ ಬೆಳಕು ಮೂಡಲಿಲ್ಲ, ಒಂದು ಪ್ರಶ್ನೆ ಅವರನ್ನು ತಿಂಗಳುಗಟ್ಟಲೆ ಬಿಡದೆ ಬೆನ್ನಟ್ಟಿತು. ನಿನ್ನ ಪತ್ರಕರ್ತನಿಗೂ ಅಷ್ಟು ಕಾಲ ಕೊಡು. ಒಂದು ರಾತ್ರಿ ಸಾಲದು.

ಅದೇ ಹಾದಿಯಲ್ಲಿ ಎದುರು ದಿಕ್ಕಿಗೆ ಹೋದವರಿಗೂ ನಿನ್ನ ಕಥೆಯಲ್ಲಿ ಗೌರವದ ಜಾಗ ಇರಲಿ. ಇಟಲಿಯ ಯಹೂದಿ ಲೇಖಕ ಪ್ರಿಮೊ ಲೆವಿ ಆಶ್‌ವಿಟ್ಸ್ ಎಂಬ ನಾಜಿಗಳ ಸಾವಿನ ಶಿಬಿರದಿಂದ ಬದುಕಿ ಬಂದು, ಆಶ್‌ವಿಟ್ಸ್ ಇರುವುದಾದರೆ ದೇವರು ಇರಲಾರ ಎಂಬ ನಿಲುವಿಗೆ ನಿಂತರು. ಅವರ ಮಾತಿಗೆ ನನ್ನಲ್ಲಿ ಖಂಡನೆ ಇಲ್ಲ. ನಾನು ನಂಬುವುದು ಆ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ.

ನನಗೆ ಅತ್ಯಂತ ಮುಖ್ಯವಾದದ್ದನ್ನು ಈಗ ಹೇಳುತ್ತೇನೆ. ನಿನ್ನ ಕಥೆಯಲ್ಲಿ ಸತ್ತವರಿಗೆ ಮುಖವಿಲ್ಲ. ಅವರು ಸತ್ತದ್ದು ಪತ್ರಕರ್ತನಿಗೆ ದೇವರು ಸಿಗಲಿ ಎಂಬುದಕ್ಕೇ ಎಂಬಂತಿದೆ. ಒಬ್ಬ ತಾಯಿಯ ಸಾವು ಇನ್ನೊಬ್ಬನ ಆಧ್ಯಾತ್ಮಿಕ ಲಾಭವಾಗುವುದನ್ನು ಯಾವ ದೇವರೂ ಒಪ್ಪಲಾರ. ಅವರು ತಮ್ಮ ಬದುಕಿಗಾಗಿ ಬದುಕಿದ್ದರು. ಅವರ ಅಂಗಳ, ಅವರ ಜಗಳ, ಅವರ ನಗು ಮೊದಲು ಪುಟದ ಮೇಲೆ ಬರಲಿ. ಆಮೇಲೆ ಪತ್ರಕರ್ತನ ಆತ್ಮದ ಮಾತು.

ಬೇಕಾದರೆ ಎಂಬೆ ಡಿಯಾನ್ ಬಗ್ಗೆ ತಿಳಿದುಕೋ. ಸೆನೆಗಲ್‌ನ ಈ ಕ್ಯಾಪ್ಟನ್ ಡಲೇರ್ ಪಡೆಯಲ್ಲಿದ್ದ ಮುಸ್ಲಿಂ, ನಿರಾಯುಧ ವೀಕ್ಷಕ. ವಾಹನದಲ್ಲಿ ಕೆಲವೇ ಜನರನ್ನು ಕೂರಿಸಿಕೊಂಡು ರಸ್ತೆತಡೆಗಳನ್ನು ದಾಟುತ್ತಿದ್ದರು. ಮಚ್ಚು ಹಿಡಿದವರೊಂದಿಗೆ ನಗುತ್ತ ಮಾತಾಡಿ, ಸಿಗರೇಟು ಕೊಟ್ಟು ದಾರಿ ಬಿಡಿಸಿಕೊಳ್ಳುತ್ತಿದ್ದರು. ಮತ್ತೆ ಹಿಂತಿರುಗಿ ಇನ್ನಷ್ಟು ಜನರನ್ನು ತರುತ್ತಿದ್ದರು. ಹೀಗೆ ನೂರಾರು ಜನ ಉಳಿದರು. 1994ರ ಮೇ 31ರಂದು ಒಂದು ತಡೆಯ ಬಳಿ ಫಿರಂಗಿ ಶೆಲ್ ಸಿಡಿದು ತೀರಿಕೊಂಡರು. ಅದೇ ರಸ್ತೆ, ಅದೇ ಕೊಲೆಗಾರರು, ಚಾಚಿದ ಕೈ. ಸೈತಾನ ಇರುವುದರಿಂದ ದೇವರಿದ್ದಾನೆ ಎಂಬ ತರ್ಕ ನನ್ನನ್ನು ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಉಳಿದ ದಾರಿಗೆ ನನ್ನನ್ನು ಕರೆದೊಯ್ಯುವುದು ಆ ಸಿಗರೇಟು ಚಾಚಿದ ಕೈ.

ನಂಬಿಕೆ ಬಂದರೆ ಗಾಯ ಮಾಯುತ್ತದೆಂದು ಮಾತ್ರ ಬರೆಯಬೇಡ. ಡಲೇರ್ ಮಾನಸಿಕ ಆಘಾತದಿಂದಾಗಿ 2000ದಲ್ಲಿ ಸೇನೆ ಬಿಡಬೇಕಾಯಿತು. ಅದೇ ವರ್ಷ, ಮದ್ಯ ಮತ್ತು ಮಾತ್ರೆಗಳಿಂದ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ, ಅವರು ಉದ್ಯಾನವೊಂದರ ಬೆಂಚಿನ ಕೆಳಗೆ ಸಿಕ್ಕಿದರು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದುಂಟು. ದೇವರಿದ್ದಾನೆಂದು ಗೊತ್ತು ಎಂದ ಬಾಯಿ ಅದೇ.

ಹಾಗಾಗಿ ಮಂಡಿಯೂರುವ ಪುಟವನ್ನು ಸದ್ಯಕ್ಕೆ ತೆಗೆದಿಡು, ಹರಿಯಬೇಡ. ಕೊಲೆಗಾರನಿಂದ ಪತ್ರಕರ್ತನಿಗೆ ಏನು ಬೇಕಿತ್ತು ಎಂಬುದನ್ನು ಮೊದಲು ಬರೆ. ನ್ಯಾಂಗೆಯ ಅಧ್ಯಾಯ ಸೇರಿಸು, ಪಾದ್ರಿಯನ್ನು ರಾಕ್ಷಸನನ್ನಾಗಿ ಮಾಡದೆ. ಬರೆದಷ್ಟನ್ನು ಯುಗಾದಿಯೊಳಗೆ ಕಳಿಸು, ಅಂಚಿನಲ್ಲಿ ಗುರುತು ಹಾಕಲು ಜಾಗ ಬಿಟ್ಟಿರು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕ