ವಿಷಯ: ನಿಮ್ಮ ಸಾರಿನ ಪುಡಿಯಲ್ಲಿರುವ ‘ಬ್ಯಾಚ್ ನಂಬರ್’ 627

ಗ್ರಾಹಕ ಸೇವೆಯವರಿಗೆ,

ಡೊಂಬಿವಲಿಯಿಂದ ನಮಸ್ಕಾರ. ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಹಾಕಿದೆ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ಯಾಕೆಟ್ ಮೇಲೆ ‘ಅಜ್ಜಿಯ ಕೈರುಚಿ’ ಅಂತ ಕನ್ನಡದಲ್ಲೇ ಅಚ್ಚು ಹಾಕಿಸಿದ್ದೀರಿ. ಓದೋದಕ್ಕೂ ಒಬ್ಬರು ಇರಬೇಕಲ್ವಾ?

ಮಾಟುಂಗಾದಲ್ಲಿ ಈ ಪುಡಿ ಕೊಂಡಿದ್ದು ಮುಂದೆ ದಪ್ಪಕ್ಷರದಲ್ಲಿ ‘ಎಂಎಸ್‌ಜಿ ಇಲ್ಲ’ ಅಂತ ಇತ್ತು ಅಂತಲೇ. ನಮ್ಮ ಮಾವನವರಿಗೆ ಗೌಟ್, ಯೂರಿಕ್ ಆ್ಯಸಿಡ್ ಹೆಚ್ಚಾಗಿ ಕೀಲು ಊದುವ ಕಾಯಿಲೆ. ಹೆಬ್ಬೆರಳು ಊದಿಕೊಂಡಾಗ ಹೊದಿಕೆ ತಾಗಿದರೂ ಚೀರುತ್ತಾರೆ. 627, 631, ಎರಡೂ ಬೆರೆತ 635 ಅನ್ನೋ ನಂಬರಿನ ರುಚಿವರ್ಧಕಗಳು ಇವರಿಗೆ ಬೇಡ, ಮೈಯಲ್ಲಿ ಯೂರಿಕ್ ಆ್ಯಸಿಡ್ ಆಗುತ್ತವೆ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಮಸಾಲೆ ಚಿಪ್ಸ್, ನೂಡಲ್ಸ್, ಸೂಪ್ ಪುಡಿ ಎಲ್ಲ ಬಿಟ್ಟಾಗಿದೆ. ಸಾರಿನ ಪುಡಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಹಿಂದಿನ ಇರುವೆ ಅಕ್ಷರದ ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಆಮೇಲೆ 627, 631. ಮದುಮಗ 621, ಅಂದರೆ ಎಂಎಸ್‌ಜಿ, ಒಬ್ಬನನ್ನು ಬಿಟ್ಟು ದಿಬ್ಬಣ ಪೂರ್ತಿ ಕರೆಸಿದ್ದೀರಿ. ಪಟ್ಟಿಯ ಮೊದಲೆರಡರಲ್ಲೂ ಎಂಎಸ್‌ಜಿಯಲ್ಲಿರುವ ಅದೇ ಗ್ಲುಟಮೇಟ್ ಇರುತ್ತದೆ ಅಂತ ನಾನು ನಿಮಗೆ ಹೇಳಿಕೊಡಬೇಕಾ?

ಗ್ಲುಟಮೇಟ್ ವಿಷ ಅಂತ ನನ್ನ ವಾದ ಅಲ್ಲ. ಟೊಮೆಟೊದಲ್ಲೂ ಇದೆ. ಮುಂದೆಯೇ ಸರಿಯಾಗಿ ಬರೆದಿದ್ದರೆ ಬೇರೆ ಪುಡಿ ತರುತ್ತಿದ್ದೆ, ಅಷ್ಟೇ.

ಇನ್ನು ಸೋಮವಾರದ ಕತೆ. ಬೆಳಗಿನ ಲೋಕಲ್, ಹೆಂಗಸರ ಡಬ್ಬಾ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನ್. ಠಾಣೆ ದಾಟುವ ತನಕ ಹೋಲ್ಡ್‌ನಲ್ಲಿ ನಿಮ್ಮ ಕೊಳಲು ಕೇಳಿದೆ. ಆಮೇಲೆ ಸಿಕ್ಕ ಹುಡುಗ ‘627 ಬ್ಯಾಚ್ ನಂಬರ್, ಮೇಡಂ’ ಅಂದ. ಹಾಗಾದರೆ 631? ‘ಅದೂ ಬ್ಯಾಚೇ.’ ಒಂದು ಪ್ಯಾಕೆಟ್‌ಗೆ ಎರಡು ಬ್ಯಾಚಾ? ಅವನಿಗೆ ಕೇಳಿಸಲಿಲ್ಲ. ‘ಛೇ ಸೌ ಇಕತೀಸ್’ ಅಂತ ಕೂಗಿದೆ. ಪಕ್ಕದವಳು ಲಾಟರಿ ಹೊಡೀತಾ ಅಂತ ಕೇಳಿದಳು. ಅವನು ನಿಧಾನಕ್ಕೆ, ಮಗುವಿಗೆ ಹೇಳಿದ ಹಾಗೆ, ‘ಆಪ್ ಪಢೀ ಲಿಖೀ ಹೈ ನಾ? ಸಾಮನೆ ಕ್ಯಾ ಲಿಖಾ ಹೈ, ವೋ ಪಢಿಯೇ’ ಅಂದ. ಓದಿದೆ. ನಿಂತಲ್ಲೇ, ಜೋರಾಗಿ, ಎಲ್ಲರ ಮುಂದೆ. ‘ಹಾಂ, ಬಸ್’ ಅಂದ. ಆಮೇಲೆ ಮ್ಯೂಟ್ ಮಾಡೋದು ಮರೆತು ಪಕ್ಕದವನಿಗೆ, ‘ಕೋಯಿ ಸಾಂಬಾರ್‌ವಾಲಿ ಆಂಟಿ ಹೈ’ ಅಂದ. ಸಾಂಬಾರಲ್ಲಪ್ಪ, ಸಾರು. ಅದಾದರೂ ಗೊತ್ತಿರಲಿ. ಸಂಜೆ ಹತ್ತು ರೂಪಾಯಿ ಕೂಪನ್ ಬಂತು, ಅದೇ ಪುಡಿ ಮೇಲೆ.

2006ರ ಆಹಾರ ಸುರಕ್ಷತಾ ಕಾಯ್ದೆ ನಿಮಗೆ ಬಾಯಿಪಾಠ ಇರಬೇಕು. ಸುಮ್ನೆ ನೆನಪಿಸುತ್ತೇನೆ: ಸೆಕ್ಷನ್ 52, ತಪ್ಪು ಲೇಬಲ್, 3 ಲಕ್ಷದವರೆಗೆ ದಂಡ. ಸೆಕ್ಷನ್ 53, ದಾರಿ ತಪ್ಪಿಸುವ ಜಾಹೀರಾತು, 10 ಲಕ್ಷದವರೆಗೆ. ಪ್ಯಾಕೆಟ್ ಹಣ ವಾಪಸ್ ಬೇಡ, ಕೂಪನ್ನೂ ನೀವೇ ಇಟ್ಟುಕೊಳ್ಳಿ. ಎಂಟು ದಿನದಲ್ಲಿ ಉತ್ತರ ಬರದಿದ್ದರೆ ಬಾಂದ್ರಾದ ಎಫ್‌ಡಿಎ (ಆಹಾರ, ಔಷಧ ಆಡಳಿತ) ಕಚೇರಿಗೂ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಹೋಗುತ್ತದೆ. ಅದಕ್ಕೂ ಮೊದಲು ಈ ಶುಕ್ರವಾರ ನಮ್ಮಲ್ಲಿ ಅರಿಶಿನ ಕುಂಕುಮ, ನಲವತ್ತು ಹೆಂಗಸರು ಬರುತ್ತಾರೆ. ತಾಂಬೂಲದ ತಟ್ಟೆ ಪಕ್ಕ ನಿಮ್ಮ ಪ್ಯಾಕೆಟ್ಟನ್ನೂ ಒಂದು ಭೂತಗನ್ನಡಿಯನ್ನೂ ಇಡುತ್ತೇನೆ.

ಇಂತಿ,
ಸಾಂಬಾರ್‌ವಾಲಿ ಆಂಟಿ